ಒಂದೇ ಅಚ್ಚಿನ ಸಾವುಗಳು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತರು ಬಹುಮಟ್ಟಿಗೆ ಮಳೆಯನ್ನು ನಂಬಿ ಬಾಳತಕ್ಕವರು. ಮಳೆ ಹಿಂದೆಗೆದು ಜೋಳದ ಎಳೆಯ ಪೈರು ಬಾಡಿ ನಿಂತ ವರ್ಷ, ಅಂಥ ಹೊಲಕ್ಕೆ ದನ ನುಗ್ಗದಂತೆ ತಿಳಿದವರು ಕಾಯುತ್ತಾರೆ. ಕೊಯ್ಲಾದ ಮೇಲೆ ಕೂಳೆಯಲ್ಲಿ ಒಡೆಯುವ ಹಸುರು ಚಿಗುರಿನ ವಿಷಯದಲ್ಲಿಯೂ ಇದೇ ಎಚ್ಚರಿಕೆ. ಅದನ್ನು ಹೊಟ್ಟೆತುಂಬ ಮೇದ ದನವು ಕೆಲವೊಮ್ಮೆ ಏದುಸಿರು ಬಿಟ್ಟು, ಕಾಲು ತಡವರಿಸಿ, ನೋಡುನೋಡುತ್ತಿದ್ದಂತೆ ನೆಲಕ್ಕುರುಳುವುದುಂಟು.

ಈ ತಿಳಿವಳಿಕೆ ಹುಟ್ಟಿದ ಬಗೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮೊದಲು ಒಬ್ಬನ ಹಸು ಸತ್ತಾಗ, ಹಾವು ಮುಟ್ಟಿತೆಂದೋ ದೃಷ್ಟಿ ತಾಕಿತೆಂದೋ ಹೇಳಿ ಜನ ಸುಮ್ಮನಾಗಿರಬೇಕು. ಮುಂದೊಂದು ವರ್ಷ ಇನ್ನೊಬ್ಬನ ಎತ್ತು ಸತ್ತಾಗಲೂ ಅದೇ ಮಾತು ಬಂದಿರಬೇಕು. ಯಾರೋ ಒಬ್ಬ ವಿವೇಕಿ ಮಾತ್ರ ಎರಡು ಸಾವುಗಳನ್ನೂ ಮನಸ್ಸಿನಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದ್ದಾನೆ: ಎರಡೂ ಮಳೆಯಿಲ್ಲದ ಕಾಲದಲ್ಲಿ, ಎರಡೂ ಎಳೆಜೋಳದ ಹೊಲದಲ್ಲಿ, ಎರಡೂ ಮೇದ ಸ್ವಲ್ಪ ಹೊತ್ತಿನಲ್ಲಿ. ಹಣೆಬರಹವೆಂಬ ಮಾತು ಹಿಂದೆ ಸರಿದು, ಕಾರಣವೆಂಬುದು ಮುಂದೆ ಬಂದದ್ದು ಆಗ.

ಒಂದು ಘಟನೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಹೊರಬೀಳದ ಗುಟ್ಟು, ಅದೇ ಬಗೆಯ ಎರಡು ಮೂರು ಘಟನೆಗಳನ್ನು ಹೋಲಿಸಿದಾಗ ತಾನಾಗಿ ಹೊರಬೀಳುತ್ತದೆ. ವಿಜ್ಞಾನದ ಮುಖ್ಯ ಸಾಧನಗಳಲ್ಲಿ ಈ ಹೋಲಿಕೆಯೂ ಒಂದು. ಮನುಷ್ಯರು ಮಾಡುವ ಅಪರಾಧಗಳಲ್ಲಿಯೂ ಹೋಲಿಕೆಯಿಲ್ಲದೆ ಕಣ್ಣಿಗೆ ಬೀಳುವುದು ದುರ್ಲಭವಾದ ಒಂದು ಬಗೆಯುಂಟು. ಅದೇ ಸರಣಿ ಕೊಲೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಇಂಥದೊಂದು ಪ್ರಕರಣವನ್ನೂ, ಅದಾದ ಸುಮಾರು ನೂರು ವರ್ಷಗಳ ತರುವಾಯ ನಮ್ಮ ಕರ್ನಾಟಕದಲ್ಲಿಯೇ ನಡೆದ ಇನ್ನೊಂದನ್ನೂ ಎದುರುಬದುರಾಗಿಟ್ಟು ಈ ಲೇಖನದಲ್ಲಿ ಪರಿಶೀಲಿಸೋಣ.

ಸರಣಿ ಕೊಲೆಗಾರನ ಲಕ್ಷಣ

ಸಾಮಾನ್ಯವಾದ ಕೊಲೆಗೆ ಜಮೀನಿನ ವ್ಯಾಜ್ಯ, ಹಳೆಯ ಹಗೆತನ, ಕ್ಷಣದ ಕೋಪ ಮೊದಲಾದುವು ಕಾರಣ. ಕೊಂದವನೂ ಸತ್ತವನೂ ಬಹುಶಃ ಪರಸ್ಪರ ಬಲ್ಲವರಾಗಿರುತ್ತಾರೆ. ಆದುದರಿಂದಲೇ ಪೊಲೀಸಿನವರು ಸತ್ತವನ ನೆಂಟರಿಷ್ಟರನ್ನೂ ಹಗೆಗಳನ್ನೂ ಮೊದಲು ವಿಚಾರಿಸುವುದು. ಸರಣಿ ಕೊಲೆಗಾರನಾದರೋ ಒಬ್ಬರಾದ ಮೇಲೆ ಒಬ್ಬರಂತೆ, ನಡುವೆ ದಿನಗಳ, ತಿಂಗಳುಗಳ ಅಥವಾ ವರ್ಷಗಳ ಅಂತರವಿಟ್ಟು ಕೊಲ್ಲುತ್ತಾನೆ. ಆ ಅಂತರದಲ್ಲಿ ಎಲ್ಲರಂತೆ ಸಂಸಾರ ಹೂಡಿಕೊಂಡು, ಕೆಲಸಕ್ಕೆ ಹೋಗಿಬಂದು, ನೆರೆಯವರೊಡನೆ ನಗುತ್ತ ಮಾತನಾಡಿಕೊಂಡಿರುವುದೂ ಉಂಟು. ಹಣಕ್ಕಾಗಿ ಕೊಲ್ಲುವವನು ಊರನ್ನು ಬದಲಿಸುತ್ತಾನೆ, ಹೆಸರನ್ನು ಬದಲಿಸುತ್ತಾನೆ. ಆದರೆ ಒಮ್ಮೆ ಫಲಿಸಿದ ಉಪಾಯವನ್ನು ಬದಲಿಸಲು ಅವನಿಗೆ ಮನಸ್ಸು ಬಾರದು. ಅವನ ಬಲವೆಲ್ಲ ಆ ಉಪಾಯದಲ್ಲಿದೆ. ಅವನು ಸಿಕ್ಕಿಬೀಳುವುದೂ ಅದರಿಂದಲೇ.

ಸ್ನಾನದ ತೊಟ್ಟಿಯ ಪ್ರಕರಣ

ಜಾರ್ಜ್ ಜೋಸೆಫ್ ಸ್ಮಿತ್ ಎಂಬವನು ೧೮೭೨ರಲ್ಲಿ ಲಂಡನ್ನಿನ ಬೆತ್ನಲ್ ಗ್ರೀನ್ ಎಂಬಲ್ಲಿ ಹುಟ್ಟಿದನು. ಒಂಬತ್ತನೆಯ ವಯಸ್ಸಿನಲ್ಲಿಯೇ ಬಾಲಾಪರಾಧಿಗಳ ಸುಧಾರಣಾಲಯವನ್ನು ಕಂಡನು. ಪ್ರಾಯಕ್ಕೆ ಬಂದ ಮೇಲೆ ಸೆರೆಮನೆಯನ್ನೂ ಕಂಡನು. ೧೮೯೮ರಲ್ಲಿ ಒಬ್ಬಳನ್ನು ಕಾಯಿದೆಬದ್ಧವಾಗಿ ಮದುವೆಯಾದನು. ಆಕೆ ಬದುಕಿರುವಾಗಲೇ, ಬೇರೆ ಬೇರೆ ಹೆಸರುಗಳನ್ನು ಧರಿಸಿ, ಒಂಟಿಯಾಗಿದ್ದ ಅನೇಕ ಹೆಂಗಸರನ್ನು ಮದುವೆಯಾಗಿ, ಅವರ ಉಳಿತಾಯದ ಹಣವನ್ನು ದೋಚಿಕೊಂಡು ಮಾಯವಾಗುವುದನ್ನು ಕಸುಬಾಗಿ ಮಾಡಿಕೊಂಡನು.

೧೯೧೨ರಲ್ಲಿ ಈ ಕಸುಬು ಕೊಲೆಯ ಕಡೆಗೆ ತಿರುಗಿತು. ಹೆನ್ರಿ ವಿಲಿಯಮ್ಸ್ ಎಂಬ ಹೆಸರಿನಲ್ಲಿ ಅವನು ಮದುವೆಯಾಗಿದ್ದ ಒಬ್ಬಾಕೆಗೆ ಸುಮಾರು ೨,೫೦೦ ಪೌಂಡುಗಳ ಪಿತ್ರಾರ್ಜಿತವಿತ್ತು. ಆ ವರ್ಷದ ಜುಲೈ ೮ರಂದು ಗಂಡಹೆಂಡಿರಿಬ್ಬರೂ ಒಬ್ಬರ ಹೆಸರಿಗೆ ಇನ್ನೊಬ್ಬರು ಉಯಿಲು ಬರೆದರು. ಹೆಂಡತಿಗೆ ಮೂರ್ಛೆ ಬರುತ್ತದೆಂದು ಹೇಳಿ ಅವನು ಆಕೆಯನ್ನು ವೈದ್ಯನೊಬ್ಬನಿಗೆ ತೋರಿಸಿದನು. ಜುಲೈ ೧೩ರಂದು ಆಕೆ ಹರ್ನ್ ಬೇ ಎಂಬ ಊರಿನ ಮನೆಯಲ್ಲಿ ಸ್ನಾನದ ತೊಟ್ಟಿಯೊಳಗೆ ಸತ್ತುಬಿದ್ದಿದ್ದಳು. ಮೂರ್ಛೆ ಬಂದು ಮುಳುಗಿದಳೆಂದು ಪಂಚಾಯಿತರು ತೀರ್ಮಾನಿಸಿದರು.

೧೯೧೩ರ ಡಿಸೆಂಬರ್ ೧೨ರಂದು ಬ್ಲ್ಯಾಕ್‌ಪೂಲ್ ಎಂಬ ಊರಿನ ಬಾಡಿಗೆಯ ಬಿಡಾರದಲ್ಲಿ ಇನ್ನೊಬ್ಬ ನವವಧು ತೊಟ್ಟಿಯಲ್ಲಿ ಸತ್ತಳು. ಆಕೆಯ ಜೀವಕ್ಕೆ ೫೦೦ ಪೌಂಡುಗಳ ವಿಮೆಯಿತ್ತು. ೧೯೧೪ರ ಡಿಸೆಂಬರ್ ೧೮ರಂದು ಲಂಡನ್ನಿನಲ್ಲಿ ಮೂರನೆಯವಳು ಸತ್ತಳು. ಆಕೆಯ ವಿಮೆ ೭೦೦ ಪೌಂಡು. ಮದುವೆಯಾಗಿ ಕಳೆದಿದ್ದುದು ಒಂದೇ ದಿನ. ಈ ಸಲ ಗಂಡನ ಹೆಸರು ಜಾನ್ ಲಾಯ್ಡ್. ಪ್ರತಿಯೊಂದು ಸಾವೂ ಬೇರೆ ಊರಿನದು. ವೈದ್ಯರು ಬೇರೆ, ವಿಚಾರಣೆ ನಡೆಸಿದವರೂ ಬೇರೆ. ಅವರಲ್ಲಿ ಯಾರೊಬ್ಬರನ್ನೂ ಮೂರ್ಖರೆನ್ನುವಂತಿಲ್ಲ. ಅವರ ಮುಂದಿದ್ದುದು ಒಂದೊಂದೇ ಸಾವು. ಅದರಲ್ಲಿ ಕಾಣುತ್ತಿದ್ದುದು ಆಕಸ್ಮಿಕವೊಂದೇ.

ಮೂರನೆಯ ಸಾವಿನ ಸುದ್ದಿ ೧೯೧೫ರ ಜನವರಿಯಲ್ಲಿ ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಬ್ಲ್ಯಾಕ್‌ಪೂಲಿನಲ್ಲಿ ಸತ್ತ ವಧುವಿನ ತಂದೆ ಓದಿದನು. ಆಕೆ ತಂಗಿದ್ದ ಬಿಡಾರದ ಯಜಮಾನನೂ ಓದಿದನು. ತಮ್ಮಲ್ಲಿ ನಡೆದುದೇ ಅಕ್ಷರಶಃ ಲಂಡನ್ನಿನಲ್ಲಿಯೂ ನಡೆದಿದೆಯಲ್ಲ ಎಂದು ಇಬ್ಬರಿಗೂ ಹೊಳೆಯಿತು. ಇಬ್ಬರೂ ಬೇರೆ ಬೇರೆಯಾಗಿ ಪೊಲೀಸಿನವರಿಗೆ ತಿಳಿಸಿದರು. ಫೆಬ್ರುವರಿಯ ಮೊದಲನೆಯ ದಿನ ಸ್ಮಿತ್ ಸೆರೆಯಾದನು.

ಹೋಲಿಕೆಯು ಸಂಶಯವನ್ನು ಹುಟ್ಟಿಸಿತು. ಅದನ್ನು ಪರೀಕ್ಷೆಗೊಡ್ಡುವ ಕೆಲಸ ಉಳಿದಿತ್ತು. ನ್ಯಾಯವೈದ್ಯನಾದ ಬರ್ನಾರ್ಡ್ ಸ್ಪಿಲ್ಸ್‌ಬರಿ ಹೂತ ಶವಗಳನ್ನು ಮೇಲಕ್ಕೆತ್ತಿಸಿ ಪರೀಕ್ಷಿಸಿದನು, ತೊಟ್ಟಿಗಳನ್ನು ಅಳೆದನು. ಆಳೆತ್ತರದ ಹೆಂಗಸು ಅಷ್ಟು ಚಿಕ್ಕ ತೊಟ್ಟಿಯಲ್ಲಿ ಮೂರ್ಛೆಯಿಂದ ಮುಳುಗುವುದು ಹೇಗೆಂಬುದು ಅವನ ಪ್ರಶ್ನೆ. ಮೈಮೇಲೆ ಹೋರಾಟದ ಗುರುತೂ ಇರಲಿಲ್ಲ. ಪತ್ತೇದಾರ ಅಧಿಕಾರಿ ಆರ್ಥರ್ ನೀಲ್ ಈಜು ಬಲ್ಲ ಹೆಂಗಸೊಬ್ಬಳನ್ನು ತುಂಬಿದ ತೊಟ್ಟಿಯಲ್ಲಿ ಕುಳ್ಳಿರಿಸಿ, ಆಕೆಯ ಕಾಲುಗಳನ್ನು ತಟ್ಟನೆ ಮೇಲಕ್ಕೆಳೆದು ನೋಡಿದನು. ತಲೆ ನೀರಿನೊಳಕ್ಕೆ ಜಾರಿತು. ಆಕೆ ಒಡನೆಯೇ ಪ್ರಜ್ಞೆ ತಪ್ಪಿದಳು. ಪುನಃ ಎಚ್ಚರಗೊಳಿಸಲು ವೈದ್ಯರು ಬಹಳ ಪ್ರಯಾಸಪಡಬೇಕಾಯಿತು. ಇಂದು ಯಾರೂ ಒಪ್ಪದ ಅಪಾಯಕರ ಪ್ರಯೋಗವಿದು. ಆದರೂ ಹೋರಾಟವಿಲ್ಲದೆ ಮುಳುಗಿಸುವುದು ಸಾಧ್ಯವೆಂಬುದು ಅದರಿಂದ ಗೊತ್ತಾಯಿತು.

ಆಪಾದನೆ ನಡೆದುದು ಮೊದಲನೆಯ ವಧುವಿನ ಕೊಲೆಗಾಗಿ ಮಾತ್ರ. ಉಳಿದೆರಡು ಸಾವುಗಳ ಮಾತನ್ನು ಎತ್ತಬಾರದೆಂದು ಪ್ರಸಿದ್ಧ ವಕೀಲ ಮಾರ್ಷಲ್ ಹಾಲ್ ವಾದಿಸಿದನು. ನ್ಯಾಯಾಧೀಶ ಸ್ಕ್ರಟನ್ ಆ ವಾದವನ್ನು ಒಪ್ಪಲಿಲ್ಲ. ಮೊದಲನೆಯದು ಆಕಸ್ಮಿಕವೋ ಯೋಜಿತವೋ ಎಂಬುದನ್ನು ನಿರ್ಧರಿಸಲು ಉಳಿದವನ್ನೂ ನೋಡಬಹುದೆಂದು ವಿಧಿಸಿದನು. ೧೯೧೫ರ ಜುಲೈ ೧ರಂದು ಪಂಚಾಯಿತರು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಸ್ಮಿತ್ ತಪ್ಪಿತಸ್ಥನೆಂದರು. ಆಗಸ್ಟ್ ೧೩ರಂದು ಅವನಿಗೆ ಗಲ್ಲಾಯಿತು.

ಕಾಯಿದೆಯಲ್ಲಿರುವ ಉದಾಹರಣೆ

ಈ ತತ್ತ್ವವು ನಮ್ಮ ದೇಶಕ್ಕೆ ಹೊಸದಲ್ಲ. ೧೮೭೨ರ ಭಾರತೀಯ ಸಾಕ್ಷ್ಯ ಕಾಯಿದೆಯ ೧೫ನೆಯ ಪ್ರಕರಣದಲ್ಲಿಯೇ ಇದಕ್ಕೆ ಒಂದು ಸೊಗಸಾದ ಉದಾಹರಣೆಯಿತ್ತು. ಒಬ್ಬನು ವಿಮೆಯ ಹಣಕ್ಕಾಗಿ ತನ್ನ ಮನೆಯನ್ನೇ ಸುಟ್ಟನೆಂದು ಆಪಾದನೆ ಬಂದಿದೆ. ಅವನು ಅದಕ್ಕೆ ಮೊದಲು ಹಲವು ಮನೆಗಳಲ್ಲಿ ವಾಸವಾಗಿದ್ದನು. ಪ್ರತಿಯೊಂದಕ್ಕೂ ವಿಮೆ ಇಳಿಸಿದ್ದನು. ಪ್ರತಿಯೊಂದೂ ಬೆಂಕಿಗೆ ಆಹುತಿಯಾಯಿತು. ಪ್ರತಿ ಸಲವೂ ಬೇರೆ ಬೇರೆ ವಿಮಾ ಕಚೇರಿಯಿಂದ ಅವನಿಗೆ ಹಣ ಬಂದಿತು. ಈ ಸಂಗತಿಗಳು ಬೆಂಕಿ ಆಕಸ್ಮಿಕವಲ್ಲವೆಂದು ತೋರಿಸಲು ಸಲ್ಲುತ್ತವೆ. ೨೦೨೪ರ ಜುಲೈಯಿಂದ ಆ ಕಾಯಿದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವು ಜಾರಿಗೆ ಬಂದಿದೆ. ಈ ನಿಯಮ ಅದರಲ್ಲಿಯೂ ಉಳಿದಿದೆ. ಒಂದು ಮನೆ ಸುಟ್ಟರೆ ದುರದೃಷ್ಟ. ಒಬ್ಬನದೇ ನಾಲ್ಕು ಮನೆಗಳು ಒಂದಾದ ಮೇಲೊಂದು ಸುಟ್ಟರೆ ಅದನ್ನು ದುರದೃಷ್ಟವೆಂದು ನಂಬುವುದು ಕಷ್ಟ. ಸಂಭವನೀಯತೆಯ ಗಣಿತವನ್ನು ಓದಿದ ವಿದ್ಯಾರ್ಥಿಗಳಿಗೆ ಇದರ ಅರ್ಥ ಸುಲಭವಾಗಿ ಆಗುವುದು.

ಬಸ್ಸು ನಿಲ್ದಾಣಗಳ ಸಾವುಗಳು

ಈಗ ನಮ್ಮ ನಾಡಿಗೆ ಬರೋಣ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಕನ್ಯಾನ ಎಂಬ ಊರಿನ ಮೋಹನ ಕುಮಾರನು ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದವನು. ೨೦೦೯ಕ್ಕೆ ಮುಂಚಿನ ಐದಾರು ವರ್ಷಗಳಲ್ಲಿ ಇಪ್ಪತ್ತು ಮಂದಿ ಹೆಂಗಸರನ್ನು ಕೊಂದನೆಂದು ಆತನ ಮೇಲೆ ಮೊಕದ್ದಮೆಗಳಾದುವು. ಸತ್ತವರು ಕರಾವಳಿ, ಕೊಡಗು, ಕಾಸರಗೋಡಿನ ಕಡೆಯ ಬಡ ಕುಟುಂಬಗಳ ಹೆಂಗಸರು. ವರದಕ್ಷಿಣೆ ಕೊಡಲಾರದೆ ಮದುವೆ ಮುಂದಕ್ಕೆ ಹೋಗುತ್ತಿದ್ದವರು ಅವರಲ್ಲಿ ಹಲವರಿದ್ದರು.

ಮೊಕದ್ದಮೆಗಳಿಂದ ತಿಳಿದುಬಂದ ರೀತಿ ಇದು. ಅವನು ಹುಸಿಹೆಸರನ್ನು ಹೇಳಿಕೊಂಡು, ಆಯಾ ಹೆಂಗಸಿನ ಜಾತಿಯವನೇ ಎಂದೂ ಸರ್ಕಾರಿ ನೌಕರನೆಂದೂ ನಂಬಿಸಿ, ವರದಕ್ಷಿಣೆಯಿಲ್ಲದೆ ಮದುವೆಯಾಗುವೆನೆಂದು ಮಾತು ಕೊಡುತ್ತಿದ್ದನು. ಮೈಮೇಲೆ ಇದ್ದಬದ್ದ ಒಡವೆಗಳನ್ನು ಧರಿಸಿ ಬಂದವಳನ್ನು ದೂರದ ಊರಿಗೆ ಕರೆದೊಯ್ದು ವಸತಿಗೃಹದಲ್ಲಿ ಇಳಿಸುತ್ತಿದ್ದನು. ಮರುದಿನ ಒಡವೆಗಳನ್ನು ಕೋಣೆಯಲ್ಲಿಯೇ ಬಿಡಿಸಿ ಬಸ್ಸು ನಿಲ್ದಾಣಕ್ಕೆ ಕರೆತಂದು, ಗರ್ಭನಿರೋಧಕವೆಂದು ಒಂದು ಗುಳಿಗೆಯನ್ನು ಕೊಟ್ಟು, ಶೌಚಗೃಹದೊಳಗೆ ಹೋಗಿ ನುಂಗಬೇಕೆಂದು ಹೇಳುತ್ತಿದ್ದನು. ಗುಳಿಗೆಯಲ್ಲಿದ್ದುದು ಸಯನೈಡ್. ಆಕೆ ಒಳಗಿನಿಂದ ಅಗಳಿ ಹಾಕಿಕೊಂಡ ಬಾಗಿಲ ಹಿಂದೆ ಸಾಯುವಷ್ಟರಲ್ಲಿ ಅವನು ಒಡವೆಗಳೊಡನೆ ಊರು ಬಿಟ್ಟಿರುತ್ತಿದ್ದನು.

ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನ ಮೊದಲಾದ ಊರುಗಳ ನಿಲ್ದಾಣಗಳಲ್ಲಿ ಹೀಗೆ ಶವಗಳು ಸಿಕ್ಕಿದುವು. ಬಾಗಿಲನ್ನು ಒಡೆದು ನೋಡಿದವರಿಗೆ ಕಂಡುದು ಒಳ್ಳೆಯ ಸೀರೆಯುಟ್ಟ, ಮೈಮೇಲೆ ಒಡವೆಯಿಲ್ಲದ, ಹೆಸರೂ ಊರೂ ತಿಳಿಯದ ಒಬ್ಬ ಹೆಂಗಸಿನ ಶವ. ಗಾಯವಿಲ್ಲ, ಬಾಗಿಲು ಒಳಗಿನಿಂದ ಭದ್ರವಾಗಿದೆ. ಆತ್ಮಹತ್ಯೆಯಿರಬೇಕೆಂಬ ಊಹೆ ಸಹಜವಾಗಿಯೇ ಬಂದಿತು. ಅಸ್ವಾಭಾವಿಕ ಮರಣವೆಂದು ವರದಿ ದಾಖಲಾಗುತ್ತಿತ್ತು. ವಾರಸುದಾರರು ಬಾರದ ಶವಕ್ಕೆ ಸಂಸ್ಕಾರವಾಗುತ್ತಿತ್ತು. ಕಡತ ಕಪಾಟನ್ನು ಸೇರುತ್ತಿತ್ತು.

ಸ್ಮಿತ್ತನ ಉಪಾಯಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಓದುಗರು ಆಗಲೇ ಗುರುತಿಸಿರಬಹುದು. ಹುಸಿಹೆಸರು, ಮದುವೆಯ ಆಸೆ, ಪರಸ್ಥಳ, ಹಣ ಅಥವಾ ಒಡವೆ, ಮುಚ್ಚಿದ ಬಾಗಿಲು, ಆಕಸ್ಮಿಕವೆಂದೋ ಆತ್ಮಹತ್ಯೆಯೆಂದೋ ಹೇಳಿಸಿಕೊಳ್ಳುವ ಸಾವು: ಸಾಲು ಸಾಲಾಗಿ ಎರಡೂ ಹೊಂದುತ್ತವೆ.

ಸಯನೈಡ್ ಕೊಲ್ಲುವ ಬಗೆ

ಆರಂಭದಲ್ಲಿ ಹೇಳಿದ ಜೋಳದ ಹೊಲವನ್ನು ಈಗ ನೆನೆದುಕೊಳ್ಳಬೇಕು. ಎಳೆಯ ಜೋಳದಲ್ಲಿ ಧುರಿನ್ ಎಂಬ ಪದಾರ್ಥವಿದೆ. ನೀರಿಲ್ಲದೆ ಸೊರಗಿದ ಪೈರಿನಲ್ಲಿ ಇದರ ಪ್ರಮಾಣ ಹೆಚ್ಚುವುದುಂಟು. ದನ ಅದನ್ನು ಅಗಿದು ನುಂಗಿದಾಗ ಧುರಿನ್ ಒಡೆದು ಹೈಡ್ರೋಜನ್ ಸಯನೈಡ್ ಹೊರಬೀಳುತ್ತದೆ. ಮರಗೆಣಸಿನಲ್ಲಿಯೂ ಬಿದಿರಿನ ಕಳಲೆಯಲ್ಲಿಯೂ ಇದೇ ಜಾತಿಯ ಪದಾರ್ಥಗಳಿವೆ. ಮಲೆನಾಡಿನ ಹೆಂಗಸರು ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಹಾಕಿ, ಆಮೇಲೆ ಬೇಯಿಸುವುದರಿಂದ ಆ ವಿಷವು ನೀಗುತ್ತದೆ. ಹೊಲದಲ್ಲಿ ದನವನ್ನು ಕೊಲ್ಲುವ ವಿಷವೂ ಗುಳಿಗೆಯಲ್ಲಿದ್ದ ವಿಷವೂ ಮೂಲತಃ ಒಂದೇ.

ಸಯನೈಡ್ ಉದ್ಯಮಗಳಿಗೂ ಬೇಕಾದ ವಸ್ತು. ಅದುರಿನಿಂದ ಚಿನ್ನವನ್ನು ಕರಗಿಸಿ ತೆಗೆಯುವ ಸಯನೈಡ್ ವಿಧಾನಕ್ಕೆ ೧೮೮೭ರಲ್ಲಿ ಸ್ಕಾಟ್ಲೆಂಡಿನಲ್ಲಿ ಸನ್ನದು ದೊರೆಯಿತು. ೨೦೦೧ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿಯೂ ಇದು ಬಳಕೆಯಲ್ಲಿತ್ತು. ಅಲ್ಲಿಯ ಬೂದುಬಣ್ಣದ ಮಣ್ಣುಗುಡ್ಡಗಳನ್ನು ಜನ ಸಯನೈಡ್ ಗುಡ್ಡಗಳೆಂದೇ ಕರೆಯುತ್ತಾರೆ. ಚಿನ್ನದ ಲೇಪ ಹಾಕುವ ಕೆಲಸಕ್ಕೂ ಇದು ಬೇಕು.

ನಾವು ಉಸಿರಾಡಿದ ಆಮ್ಲಜನಕವನ್ನು ರಕ್ತವು ಜೀವಕೋಶಗಳ ಬಾಗಿಲಿಗೆ ತಂದೊಪ್ಪಿಸುತ್ತದೆ. ಕೋಶದೊಳಗೆ ಅದನ್ನು ಬಳಸಿ ಶಕ್ತಿಯನ್ನು ಪಡೆಯುವ ಸರಪಳಿಯ ಕೊನೆಯ ಕೊಂಡಿ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವ. ಸಯನೈಡ್ ಈ ಕಿಣ್ವದಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಅಕ್ಕಿಯ ಮೂಟೆ ಬಾಗಿಲಿಗೆ ಬಂದಿದ್ದರೂ ಒಲೆ ಹತ್ತದ ಮನೆಯಲ್ಲಿ ಜನ ಹಸಿದಿರುವಂತೆ, ಆಮ್ಲಜನಕ ಬಂದಿದ್ದರೂ ಕೋಶಗಳು ಅದನ್ನು ಬಳಸಲಾರವು. ಮಿದುಳೂ ಹೃದಯವೂ ಮೊದಲು ಸೋಲುತ್ತವೆ. ಕೂಡಲೇ ಚಿಕಿತ್ಸೆ ದೊರೆತರೆ ಬದುಕಿಸಲು ಹೈಡ್ರಾಕ್ಸೊಕೊಬಾಲಮಿನ್, ಸೋಡಿಯಂ ಥಯೋಸಲ್ಫೇಟ್ ಮೊದಲಾದ ಪ್ರತಿವಿಷಗಳುಂಟು. ಆದರೆ ಅಗಳಿ ಹಾಕಿದ ಬಾಗಿಲ ಹಿಂದೆ ಒಬ್ಬಂಟಿಯಾಗಿರುವವಳಿಗೆ ಅವು ದೊರೆಯುವುದೆಂತು?

ಈ ವಿಷ ವೇಗವಾಗಿ ಕೊಲ್ಲುತ್ತದೆ. ಆದರೆ ಗುರುತುಳಿಸದೆ ಹೋಗುವುದಿಲ್ಲ. ಬಳಕೆಯಾಗದ ಆಮ್ಲಜನಕವು ರಕ್ತದಲ್ಲಿಯೇ ಉಳಿಯುವುದರಿಂದ ಶವದ ರಕ್ತ ಅನೇಕ ಸಲ ಎಳೆಗೆಂಪಾಗಿರುತ್ತದೆ. ಕಹಿಬಾದಾಮಿಯ ವಾಸನೆಯೂ ಇರಬಹುದು. ಆದರೆ ಆ ವಾಸನೆಯನ್ನು ಎಲ್ಲರ ಮೂಗೂ ಗ್ರಹಿಸಲಾರದು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ ೧೭೮೨ರಲ್ಲಿ ಪ್ರಷ್ಯನ್ ನೀಲಿ ಎಂಬ ಬಣ್ಣದಿಂದಲೇ ಈ ವಿಷದ ಆಮ್ಲವನ್ನು ತಯಾರಿಸಿದನು. ಅದೇ ಕ್ರಿಯೆಯನ್ನು ಹಿಂದುಮುಂದಾಗಿಸಿ, ಸಂಶಯದ ವಸ್ತುವಿಗೆ ಕಬ್ಬಿಣದ ಲವಣಗಳನ್ನು ಕೂಡಿಸಿ ಆ ನೀಲಿ ಬಣ್ಣವನ್ನು ಬರಿಸುವುದು ಸಯನೈಡಿನ ಹಳೆಯ ಪರೀಕ್ಷೆ. ಇಂದು ಇನ್ನೂ ಸೂಕ್ಷ್ಮವಾದ ಉಪಕರಣಗಳು ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿವೆ. ಆದರೆ ಸಯನೈಡ್ ಆವಿಯಾಗಿ ಕಳೆದುಹೋಗುವ ವಸ್ತುವಾದುದರಿಂದ, ಶವದಿಂದ ತೆಗೆದ ಅಂಗಾಂಶಗಳನ್ನು ಭದ್ರಪಡಿಸಿ ತಡಮಾಡದೆ ಪರೀಕ್ಷೆಗೆ ಕಳುಹಿಸತಕ್ಕದ್ದು. ಕಳುಹಿಸುವವರ ಮನಸ್ಸಿನಲ್ಲಿ ಮೊದಲು ಸಂಶಯ ಹುಟ್ಟಿರಬೇಕು.

ಸರಪಳಿ ಸಿಕ್ಕಿದ ರೀತಿ

೨೦೦೯ರ ಜೂನಿನಲ್ಲಿ ಬಂಟ್ವಾಳ ತಾಲ್ಲೂಕಿನ ಒಬ್ಬ ತರುಣಿ ಕಾಣೆಯಾದಳು. ಈ ಸಲ ಮನೆಯವರೂ ಸಮುದಾಯದವರೂ ಸುಮ್ಮನಿರಲಿಲ್ಲ. ಪೊಲೀಸು ಠಾಣೆಯ ಮುಂದೆ ಕುಳಿತು ಹುಡುಕಿಕೊಡಬೇಕೆಂದು ಒತ್ತಾಯಪಡಿಸಿದರು. ಪೊಲೀಸಿನವರು ದೂರವಾಣಿಯ ಕರೆಗಳ ದಾಖಲೆಯನ್ನು ತರಿಸಿ ನೋಡಿದರು. ಆ ಜಾಡು ಇನ್ನೊಬ್ಬ ಹೆಂಗಸಿನ ಕಡೆಗೆ ಹೋಯಿತು. ಆಕೆಯೂ ಕಾಣೆಯಾಗಿದ್ದಳು. ಅಲ್ಲಿಂದ ಹೊರಟ ಜಾಡು ಮತ್ತೊಬ್ಬಳ ಕಡೆಗೆ, ಆಕೆಯೂ ಕಾಣೆ. ಹೀಗೆ ಕೊಂಡಿಗೆ ಕೊಂಡಿ ಸೇರಿ, ೨೦೦೯ರ ಅಕ್ಟೋಬರಿನಲ್ಲಿ ಮೋಹನ ಕುಮಾರನು ಸೆರೆಯಾದನು. ಅದಾದ ಮೇಲೆ ಬೇರೆ ಬೇರೆ ಊರುಗಳ ಕಡತಗಳು ಕಪಾಟಿನಿಂದ ಇಳಿದುವು. ಹೆಸರಿಲ್ಲದ ಶವಗಳಿಗೆ ಹೆಸರುಗಳು ದೊರೆತುವು.

೨೦೧೩ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯವು ಅವನಿಗೆ ಮರಣದಂಡನೆ ವಿಧಿಸಿತು. ೨೦೧೭ರಲ್ಲಿ ಹೈಕೋರ್ಟು ಒಂದು ಪ್ರಕರಣದಲ್ಲಿ ಅದನ್ನು ಆಜೀವ ಶಿಕ್ಷೆಗೆ ಇಳಿಸಿತು. ಇನ್ನೊಂದರಲ್ಲಿ ಸಾಕ್ಷ್ಯ ಸಾಲದೆಂದು ಕೊಲೆಯ ಆಪಾದನೆಯಿಂದ ಬಿಡುಗಡೆ ಮಾಡಿತು. ಇಪ್ಪತ್ತನೆಯದೂ ಕೊನೆಯದೂ ಆದ ಪ್ರಕರಣದ ತೀರ್ಪು ಮಂಗಳೂರಿನಲ್ಲಿ ಹೊರಬಿದ್ದುದು ೨೦೨೦ರ ಜೂನಿನಲ್ಲಿ. ಅದು ಕಾಸರಗೋಡಿನ ಕಡೆಯ ಹೆಂಗಸಿನ ಕೊಲೆಯದು. ಇಲ್ಲಿಯೂ ವಿದ್ಯಾರ್ಥಿಗಳಿಗೆ ಪಾಠವೊಂದಿದೆ. ಹೋಲಿಕೆ ದಾರಿ ತೋರಿಸುವುದು. ಆದರೆ ಪ್ರತಿಯೊಂದು ಸಾವಿಗೂ ಅದರದೇ ಆದ ಪ್ರಮಾಣ ಬೇಕು. ಹತ್ತೊಂಬತ್ತನ್ನು ಮಾಡಿದವನು ಇಪ್ಪತ್ತನೆಯದನ್ನೂ ಮಾಡಿರಬೇಕೆಂಬುದು ಊಹೆಯೇ ಹೊರತು ಸಿದ್ಧಾಂತವಲ್ಲ.

ಯಾರೂ ಏಕೆ ಕಾಣಲಿಲ್ಲ?

ಇದು ಕರಾವಳಿಯವನೊಬ್ಬನ ಕಥೆಯೆಂದು ಬಯಲುಸೀಮೆಯವರು ನಿಶ್ಚಿಂತರಾಗುವಂತಿಲ್ಲ. ಕೆಂಪಮ್ಮ ಎಂಬ ಹೆಂಗಸು ಕಷ್ಟ ಪರಿಹಾರಕ್ಕಾಗಿ ದೇವಸ್ಥಾನಗಳಿಗೆ ಬರುತ್ತಿದ್ದ ಹೆಂಗಸರ ಸ್ನೇಹ ಬೆಳೆಸಿ, ಪೂಜೆಯ ನೆಪದಲ್ಲಿ ಸಯನೈಡ್ ಕೊಟ್ಟು ಒಡವೆ ದೋಚುತ್ತಿದ್ದಳು. ೧೯೯೯ರಲ್ಲಿ ಒಂದು, ೨೦೦೭ರ ಕೊನೆಯ ಕೆ‌ಲವೇ ತಿಂಗಳುಗಳಲ್ಲಿ ಐದು ಕೊಲೆಗಳು ಆಕೆಯ ಮೇಲೆ ಬಂದುವು. ಅವುಗಳಲ್ಲಿ ಒಂದು ನಡೆದುದು ತುಮಕೂರು ಜಿಲ್ಲೆಯ ಎಡೆಯೂರಿನಲ್ಲಿ. ಆಕೆ ಸೆರೆಯಾದುದು ೨೦೦೭ರ ಡಿಸೆಂಬರಿನ ಕೊನೆಯಲ್ಲಿ. ಆ ವೇಳೆಗೆ ಅತ್ತ ಬಸ್ಸು ನಿಲ್ದಾಣಗಳ ಸಾವುಗಳು ಇನ್ನೂ ನಡೆಯುತ್ತಲೇ ಇದ್ದುವು.

ಇಷ್ಟು ಸಾವುಗಳು ಇಷ್ಟು ದಿನ ಕಾಣದೆ ಹೋದುದೇಕೆ? ಒಂದು ಕಾರಣ, ಒಂದು ಠಾಣೆಯ ಕಡತವನ್ನು ಇನ್ನೊಂದು ಠಾಣೆ ನೋಡುವ ಏರ್ಪಾಡು ಸಾಲದೆ ಇದ್ದುದು. ಠಾಣೆಗಳನ್ನೆಲ್ಲ ಜೋಡಿಸುವ ದೇಶವ್ಯಾಪಿ ಗಣಕಜಾಲಕ್ಕೆ ಕೇಂದ್ರ ಸರ್ಕಾರದ ಮಂಜೂರಾತಿ ಬಂದುದು ೨೦೦೯ರಲ್ಲಿ, ಮೋಹನ ಕುಮಾರನು ಸೆರೆಯಾದ ವರ್ಷದಲ್ಲಿಯೇ. ಆದರೆ ಯಂತ್ರವು ಹೋಲಿಸಬಲ್ಲುದು ತನ್ನಲ್ಲಿ ಬರೆದಿಟ್ಟುದನ್ನು ಮಾತ್ರ. ಮಗಳು ಯಾರೊಡನೆಯೋ ಹೋದಳೆಂಬ ನಾಚಿಕೆಯಿಂದ ತಂದೆತಾಯಿಗಳು ದೂರನ್ನೇ ಕೊಡದಿದ್ದರೆ, ಅಥವಾ ಬರೆದುಕೊಳ್ಳತಕ್ಕವರು ಹೋದವಳು ತಾನಾಗಿ ಬರುವಳೆಂದು ಹೇಳಿ ಕಳುಹಿಸಿದರೆ, ಹೋಲಿಸಲು ಏನು ಉಳಿಯಿತು? ಬ್ಲ್ಯಾಕ್‌ಪೂಲಿನ ವಧುವಿಗೆ ಆಕೆಯನ್ನು ಮರೆಯದ ತಂದೆಯೊಬ್ಬನಿದ್ದನು. ಬಂಟ್ವಾಳದ ತರುಣಿಗೆ ಠಾಣೆಯ ಮುಂದೆ ಕುಳಿತ ಊರಿನವರಿದ್ದರು. ಎರಡು ಕಡೆಗಳಲ್ಲಿಯೂ ವಿಜ್ಞಾನವು ಕೆಲಸಕ್ಕೆ ತೊಡಗಿದುದು ಅವರು ಕೇಳಿದ ಮೇಲೆ.

ಈ ಕೊಲೆಗಾರರ ಚಾತುರ್ಯವನ್ನು ವರ್ಣಿಸುವ ಕಥೆಗಳು ಅನೇಕವಿವೆ. ವಸ್ತುತಃ ಅವರಲ್ಲಿ ಹೇಳಿಕೊಳ್ಳುವಂಥ ಚಾತುರ್ಯವೇನೂ ಇರಲಿಲ್ಲ. ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಎರಕ ಹೊಯ್ದರು, ಅಷ್ಟೆ. ಎರಡನೆಯ ಸಾವನ್ನು ಕಂಡವರು ಮೊದಲನೆಯದನ್ನು ನೆನೆಯದಿದ್ದುದೇ ಅವರಿಗೆ ಅನುಕೂಲವಾಯಿತು. ಜೋಳದ ಹೊಲದಲ್ಲಿ ಎರಡನೆಯ ದನ ಬಿದ್ದಾಗ ಮೊದಲನೆಯದನ್ನು ನೆನೆದವನಿಂದ ಒಂದು ಸೀಮೆಯ ದನಗಳು ಉಳಿದುವು. ಗುರುತು ಸಿಗದ ಒಂದು ಹೆಣ್ಣಿನ ಶವದ ಮುಂದೆ ನಿಂತಾಗಲೂ, ಕಡತವನ್ನು ಮುಚ್ಚುವ ಮೊದಲು, ಇಂಥದು ಹಿಂದೆ ಎಲ್ಲಿಯಾದರೂ ನಡೆದಿದೆಯೇ ಎಂದು ಕೇಳತಕ್ಕದ್ದು ನಮ್ಮ ಕರ್ತವ್ಯ.